ಪಾಳುಬಿದ್ದ ಕಟ್ಟಡದೊಳಗೆ ಲಾರ್ಜ್ ಫಾರ್ಮ್ಯಾಟ್ ಕ್ಯಾಮೆರಾ: ಹಳೆಯ ಫಿಲ್ಮೋ, ಹೊಸದೋ, ಎಕ್ಸ್‌-ರೇ ಫಿಲ್ಮೋ?

ಅವಧಿ ಮುಗಿದು ಹತ್ತಿಪ್ಪತ್ತು ವರ್ಷವಾದ ಶೀಟ್ ಫಿಲ್ಮಿನ (ರೋಲಾಗಿರದೆ ಬಿಡಿ ಹಾಳೆಗಳಾಗಿ ಬರುವ ಫಿಲ್ಮಿನ) ಡಬ್ಬಿಯೊಂದು ಅಗ್ಗವಾಗಿ ಸಿಕ್ಕಿದೆ, ಮುಚ್ಚಿಹೋದ ಗಿರಣಿಯೊಂದರ ಒಳಗೆ ಚಿತ್ರ ತೆಗೆಯಲು ಅನುಮತಿಯೂ ದೊರೆತಿದೆ, ಎರಡನ್ನೂ ಜೋಡಿಸಬಹುದೇ ಎಂಬ ಪ್ರಶ್ನೆ 4×5 ಇಂಚು ಅಥವಾ ಅದಕ್ಕೂ ದೊಡ್ಡ ಹಾಳೆ ಬಳಸುವ ಲಾರ್ಜ್ ಫಾರ್ಮ್ಯಾಟ್‌ಗೆ ಹೊಸದಾಗಿ ಬಂದವರಿಂದ ಮತ್ತೆ ಮತ್ತೆ ಬರುತ್ತದೆ. ಹಳೆಯ ಕಟ್ಟಡಕ್ಕೆ ಹಳೆಯ ಫಿಲ್ಮೇ ಒಪ್ಪುತ್ತದೆ ಎಂಬ ಭಾವನೆ ಸಹಜವಾದದ್ದೇ. ಆದರೆ ಫಿಲ್ಮಿಗೆ ವಯಸ್ಸಾದಂತೆ ಅದು ಮೊದಲು ಕಳೆದುಕೊಳ್ಳುವುದು ನೆರಳಿನಲ್ಲಿರುವ ವಿವರಗಳನ್ನು, ಪಾಳು ಕಟ್ಟಡದ ಒಳಗೆ ತುಂಬಿರುವುದಾದರೋ ಬಹುಪಾಲು ನೆರಳೇ. ಆದ್ದರಿಂದ ಈ ಜೋಡಿ ಕೇಳಲು ಎಷ್ಟು ಚೆನ್ನಾಗಿದೆಯೋ ಕೆಲಸದಲ್ಲಿ ಅಷ್ಟು ಸುಲಭವಲ್ಲ. ಹಳೆಯ ಫಿಲ್ಮನ್ನು ಬಳಸಲೇಬಾರದು ಎಂಬುದು ನನ್ನ ಅಭಿಪ್ರಾಯವಲ್ಲ. ಅದು ಯಾವ ಜಾಗಕ್ಕೆ, ಯಾವ ಬೆಳಕಿಗೆ ಹೊಂದುತ್ತದೆ ಎಂಬುದನ್ನು ಮೊದಲೇ ತೂಗಿ ನೋಡಬೇಕು ಎನ್ನುತ್ತೇನೆ, ಅಷ್ಟೆ.

ಯಾವುದರ ಮೇಲೆ ತೂಗಬೇಕು

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಫಿಲ್ಮಿಗೆ ಸಂಬಂಧಿಸಿದ್ದೇ ಅಲ್ಲ: ಆ ಜಾಗಕ್ಕೆ ಇನ್ನೊಮ್ಮೆ ಹೋಗಲು ಸಾಧ್ಯವೇ? ಕೆಡವಲು ದಿನ ಗೊತ್ತುಮಾಡಿರುವ ಕಟ್ಟಡ, ಒಂದೇ ದಿನಕ್ಕೆ ಕೊಟ್ಟ ಅನುಮತಿ, ಬಹುದೂರದ ಪ್ರಯಾಣ, ಇವುಗಳಲ್ಲಿ ಯಾವುದೊಂದಿದ್ದರೂ ಹೋಲ್ಡರಿನೊಳಗಿನ (ಬದಿಗೊಂದು ಹಾಳೆ ತುಂಬಿ ಕ್ಯಾಮೆರಾಗೆ ಸಿಕ್ಕಿಸುವ, ಬೆಳಕು ನುಗ್ಗದ ಚೌಕಟ್ಟಿನೊಳಗಿನ) ಫಿಲ್ಮ್ ಹೇಗೆ ನಡೆದುಕೊಳ್ಳುತ್ತದೆ ಎಂಬುದು ನಿಮಗೆ ಮುಂಚಿತವಾಗಿಯೇ ತಿಳಿದಿರಬೇಕು. ಮತ್ತೆ ಮತ್ತೆ ಹೋಗಬಹುದಾದ ಜಾಗದಲ್ಲಿ ಮಾತ್ರ ಫಿಲ್ಮಿನ ಮೇಲೆ ಪ್ರಯೋಗ ನಡೆಸುವ ಸ್ವಾತಂತ್ರ್ಯ ಸಿಗುತ್ತದೆ.

ಎರಡನೆಯದು ಕತ್ತಲು. ವಿದ್ಯುತ್ತಿಲ್ಲದ ಕಟ್ಟಡದಲ್ಲಿ ಕಿಟಕಿಯಿಂದ, ಕುಸಿದ ಚಾವಣಿಯಿಂದ ಬರುವ ಬೆಳಕಷ್ಟೇ ಆಧಾರ. ಹೆಚ್ಚು ಆಳ ಫೋಕಸಿನಲ್ಲಿರಲೆಂದು ಲೆನ್ಸಿನ ಕಂಡಿಯನ್ನು ಎಫ್ 22ಕ್ಕೆ (ಈ ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಚಿಕ್ಕದು) ಕಿರಿದುಮಾಡಿದರೆ ಫಿಲ್ಮಿಗೆ ಬೆಳಕು ಬೀಳುವ ಅವಧಿ, ಅಂದರೆ ಎಕ್ಸ್‌ಪೋಷರ್ ಸೆಕೆಂಡುಗಳಿಂದ ನಿಮಿಷಗಳಿಗೆ ಜಾರುತ್ತದೆ, ಅಲ್ಲಿ ಫಿಲ್ಮುಗಳ ನಡುವಿನ ನಿಜವಾದ ವ್ಯತ್ಯಾಸ ಹೊರಬೀಳುತ್ತದೆ. ಮೂರನೆಯದು ಬೆಳಕು ನೆರಳಿನ ಅಂತರ: ಬಿಸಿಲು ಹೊಡೆಯುವ ಕಿಟಕಿ ಮತ್ತು ಮಸಿ ಹಿಡಿದ ಮೂಲೆ ಎರಡೂ ಒಂದೇ ಚೌಕಟ್ಟಿನಲ್ಲಿರುತ್ತವೆ. ನಾಲ್ಕನೆಯದು ಬಣ್ಣ, ಅಂದರೆ ಸುಲಿದ ಸುಣ್ಣ, ತುಕ್ಕು, ಪಾಚಿ ಇವುಗಳ ಬಣ್ಣವೇ ಚಿತ್ರದ ವಿಷಯವೋ ಅಥವಾ ಆಕಾರ ಮತ್ತು ಬೆಳಕು ಸಾಕೋ ಎಂಬುದು.

ಹಣದ ಲೆಕ್ಕವನ್ನು ಒಂದು ಹಾಳೆಯ ಬೆಲೆಯಿಂದ ಹಾಕಬಾರದು. ಕೈಗೆ ಬಂದ ಒಂದು ಒಳ್ಳೆಯ ನೆಗೆಟಿವ್‌ಗೆ ಒಟ್ಟು ಎಷ್ಟು ಖರ್ಚಾಯಿತು ಎಂದು ಹಾಕಬೇಕು. ಪರೀಕ್ಷೆಗೆ ಬಲಿಯಾದ ಹಾಳೆಗಳು, ಕೆಟ್ಟುಹೋದ ಹಾಳೆಗಳು, ಸಂಸ್ಕರಣೆಯ ಶುಲ್ಕ ಎಲ್ಲವೂ ಇದರೊಳಗೆ ಬರುತ್ತವೆ. ಹೀಗೆ ನೋಡಿದರೆ ಅಗ್ಗದ ಡಬ್ಬಿ ಎಷ್ಟೋ ಸಲ ಅಗ್ಗವಾಗಿ ಉಳಿಯುವುದಿಲ್ಲ.

ಹೊಸ ಕಪ್ಪು-ಬಿಳುಪು ಫಿಲ್ಮ್: ಡಬ್ಬಿಯ ಮೇಲಿನ ವೇಗ ಮತ್ತು ಕತ್ತಲಲ್ಲಿನ ವೇಗ

ಬೆಳಕು ಕ್ಷೀಣವಾಗಿ ಎಕ್ಸ್‌ಪೋಷರ್ ಒಂದು ಸೆಕೆಂಡನ್ನು ದಾಟಿದ ಮೇಲೆ ಫಿಲ್ಮ್ ತನ್ನ ವೇಗವನ್ನು, ಅಂದರೆ ಬೆಳಕನ್ನು ಗ್ರಹಿಸುವ ಚುರುಕನ್ನು, ಕಳೆದುಕೊಳ್ಳುತ್ತಾ ಹೋಗುತ್ತದೆ. ಇದನ್ನು ರೆಸಿಪ್ರಾಸಿಟಿ ವೈಫಲ್ಯ ಎನ್ನುತ್ತಾರೆ. ಬೆಳಕು ಅಳೆಯುವ ಮೀಟರ್ ಹೇಳಿದ ಸಮಯಕ್ಕಿಂತ ಹೆಚ್ಚು ಹೊತ್ತು ಶಟರ್ ತೆರೆದಿಡಬೇಕು, ಎಷ್ಟು ಹೆಚ್ಚು ಎಂಬುದು ಒಂದೊಂದು ಫಿಲ್ಮಿಗೆ ಒಂದೊಂದು ಥರ.

ಒಂದು ಉದಾಹರಣೆಯನ್ನು ಕೊನೆಯವರೆಗೂ ಲೆಕ್ಕಹಾಕಿ ನೋಡೋಣ. ಐಎಸ್‌ಒ 100ಕ್ಕೆ (ಅಂದರೆ 100 ವೇಗದ ಫಿಲ್ಮಿಗೆ) ಇಟ್ಟ ಮೀಟರ್, ಎಫ್ 22ರಲ್ಲಿ 100 ಸೆಕೆಂಡು ಬೇಕೆಂದು ತೋರಿಸುವ ಒಂದು ಕೋಣೆಯಿದೆ ಎಂದುಕೊಳ್ಳಿ. ಕೊಡಾಕ್ ಟಿ-ಮ್ಯಾಕ್ಸ್ 100ಕ್ಕೆ ತಯಾರಕರು ಹೇಳುವಂತೆ ಇಲ್ಲಿ ಒಂದು ಸ್ಟಾಪ್ ಹೆಚ್ಚು ಕೊಟ್ಟರಾಯಿತು (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು), ಅಂದರೆ 200 ಸೆಕೆಂಡು. ಇಲ್‌ಫರ್ಡ್ ತನ್ನ ಫಿಲ್ಮುಗಳಿಗೆ ಒಂದೊಂದು ಘಾತಾಂಕ ಕೊಡುತ್ತದೆ, ಮೀಟರಿನ ಸಮಯವನ್ನು ಆ ಘಾತಕ್ಕೆ ಏರಿಸಬೇಕು. ಎಫ್‌ಪಿ4 ಪ್ಲಸ್‌ಗೆ ಅದು 1.26. ಅದರ ವೇಗ 125 ಆದ್ದರಿಂದ ಮೀಟರ್ 80 ಸೆಕೆಂಡು ಹೇಳುತ್ತದೆ, ತಿದ್ದಿದ ಮೇಲೆ ಸುಮಾರು 250 ಸೆಕೆಂಡು ಆಗುತ್ತದೆ. 400 ವೇಗದ ಎಚ್‌ಪಿ5 ಪ್ಲಸ್‌ಗೆ ಘಾತಾಂಕ 1.31, ಮೀಟರಿನ 25 ಸೆಕೆಂಡು ಸುಮಾರು 68 ಸೆಕೆಂಡಾಗುತ್ತದೆ. ಫೋಮಾಪ್ಯಾನ್ 100ಕ್ಕೆ ಇಷ್ಟು ಕತ್ತಲಲ್ಲಿ ತಯಾರಕರೇ 16 ಪಟ್ಟು ಹೆಚ್ಚಿಸಲು ಹೇಳುತ್ತಾರೆ, ಆಗ 27 ನಿಮಿಷದ ಹತ್ತಿರ ಬರುತ್ತದೆ. ಎಲ್ಲಕ್ಕಿಂತ ಆಶ್ಚರ್ಯ ಹುಟ್ಟಿಸುವುದು ಶೀಟ್ ರೂಪದ ಟ್ರೈ-ಎಕ್ಸ್ 320. ಮೀಟರಿನ ಪ್ರಕಾರ 31 ಸೆಕೆಂಡು ಸಾಕಾದರೂ ಕೊಡಾಕ್‌ನ ಕೋಷ್ಟಕದಂತೆ 10 ಸೆಕೆಂಡಿಗೆ 50, 100 ಸೆಕೆಂಡಿಗೆ 1200 ಕೊಡಬೇಕಾಗಿರುವುದರಿಂದ ಇದಕ್ಕೆ ಸುಮಾರು ನಾಲ್ಕು ನಿಮಿಷ ಬೇಕಾಗುತ್ತದೆ. ಡಬ್ಬಿಯ ಮೇಲೆ ಮೂರು ಪಟ್ಟು ವೇಗ ಬರೆದುಕೊಂಡಿರುವ ಫಿಲ್ಮ್ ಈ ಕೋಣೆಯಲ್ಲಿ ಟಿ-ಮ್ಯಾಕ್ಸ್ 100ಕ್ಕಿಂತ ನಿಧಾನವಾಗಿಬಿಡುತ್ತದೆ.

ದೀರ್ಘ ಎಕ್ಸ್‌ಪೋಷರಿನ ಇನ್ನೊಂದು ಪರಿಣಾಮವನ್ನು ಹಲವರು ಮರೆಯುತ್ತಾರೆ. ಬೆಳಕು ಕಡಿಮೆಯಿರುವ ಭಾಗದಲ್ಲಿ ವೈಫಲ್ಯ ಹೆಚ್ಚು, ಕಿಟಕಿಯ ಬಳಿ ಕಡಿಮೆ. ನೆರಳಿಗೆಂದು ಸಮಯ ಹೆಚ್ಚಿಸಿದಾಗ ಕಿಟಕಿಗೆ ಬೇಡದಷ್ಟು ಬೆಳಕು ಬಿದ್ದು ಕಾಂಟ್ರಾಸ್ಟ್, ಅಂದರೆ ಬೆಳಕು ನೆರಳಿನ ಅಂತರ, ಏರುತ್ತದೆ. ಇದಕ್ಕಾಗಿಯೇ ಟ್ರೈ-ಎಕ್ಸ್ 320ಕ್ಕೆ ಸಮಯ ಹೆಚ್ಚಿಸುವುದರ ಜೊತೆಗೆ ಡೆವಲಪ್ ಮಾಡುವ (ರಾಸಾಯನಿಕದಲ್ಲಿ ತೊಳೆದು ಚಿತ್ರ ಮೂಡಿಸುವ) ಅವಧಿಯನ್ನು ಶೇ. 10ರಿಂದ 30ರವರೆಗೆ ತಗ್ಗಿಸಬೇಕೆಂದು ಕೊಡಾಕ್ ಹೇಳುತ್ತದೆ. ಟಿ-ಮ್ಯಾಕ್ಸ್ 100ಕ್ಕೆ ಆ ತಿದ್ದುಪಡಿ ಬೇಡ. ಶೀಟ್ ಫಿಲ್ಮಿನ ದೊಡ್ಡ ಅನುಕೂಲ ಇಲ್ಲಿದೆ: ಒಂದೊಂದು ಹಾಳೆಯನ್ನೂ ಬೇರೆಬೇರೆ ಅವಧಿಗೆ ತೊಳೆಯಬಹುದು, ರೋಲಿನಲ್ಲಿ ಅದು ಆಗದು.

ಹೊಸ ಫಿಲ್ಮಿನಲ್ಲಿ ನನ್ನ ಆಯ್ಕೆ ಬಹುತೇಕ ಸಂದರ್ಭಗಳಲ್ಲಿ ಎಚ್‌ಪಿ5 ಪ್ಲಸ್. 35 ಮಿಲಿಮೀಟರಿನಲ್ಲಿ ಅದರ ಹರಳು (ಗ್ರೇನ್) ಕಣ್ಣಿಗೆ ಬೀಳಬಹುದು. 4×5 ಇಂಚಿನ ನೆಗೆಟಿವ್‌ನಿಂದ ಸಾಧಾರಣ ಗಾತ್ರದ ಪ್ರಿಂಟ್ ಮಾಡುವಾಗ ಅದು ಚಿಂತಿಸುವ ವಿಷಯವೇ ಅಲ್ಲ. ಗೋಡೆಯ ಬಿರುಕು, ಒಣಗಿದ ಬಣ್ಣದ ಪದರ ಇವುಗಳನ್ನು ಬಹಳ ದೊಡ್ಡದಾಗಿ ಮುದ್ರಿಸುವ ಉದ್ದೇಶವಿರುವವರು ಟಿ-ಮ್ಯಾಕ್ಸ್ 100ಕ್ಕೆ ಹೋಗಬಹುದು, ಆದರೆ ಅದು ಡೆವಲಪರಿನ ಉಷ್ಣಾಂಶ ಮತ್ತು ಸಮಯದ ವಿಷಯದಲ್ಲಿ ಅಲಕ್ಷ್ಯವನ್ನು ಸಹಿಸುವ ಫಿಲ್ಮಲ್ಲ. ಫೋಮಾಪ್ಯಾನ್ ಕಡಿಮೆ ಬೆಲೆಯದ್ದು, ಹೊರಾಂಗಣಕ್ಕೆ ಒಳ್ಳೆಯದು. ಮೇಲಿನ ಲೆಕ್ಕ ನೋಡಿದ ಮೇಲೆ ನೆಲಮಾಳಿಗೆಗೆ ಅದನ್ನು ಯಾರೂ ಕೊಂಡೊಯ್ಯಲಾರರು.

ಅವಧಿ ಮೀರಿದ ಕಪ್ಪು-ಬಿಳುಪು ಫಿಲ್ಮ್

ಹಳೆಯ ಫಿಲ್ಮಿನಲ್ಲಿ ಎರಡು ಬಗೆಯ ಸವಕಳಿ ಒಟ್ಟಿಗೆ ನಡೆದಿರುತ್ತದೆ. ವೇಗ ಇಳಿದಿರುತ್ತದೆ, ಜೊತೆಗೆ ಬೆಳಕೇ ಬೀಳದ ಹರಳುಗಳೂ ಡೆವಲಪರಿನಲ್ಲಿ ಕಪ್ಪಾಗಿ ಹಾಳೆಯ ತುಂಬ ಒಂದು ಬೂದು ಮುಸುಕು, ಅಂದರೆ ಫಾಗ್, ಹರಡುತ್ತದೆ. ಹತ್ತು ವರ್ಷಕ್ಕೆ ಒಂದು ಸ್ಟಾಪ್ ಹೆಚ್ಚು ಕೊಡಿ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಅದನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ. ತಣ್ಣಗಿನ ಜಾಗದಲ್ಲಿ ಇಟ್ಟ ನಿಧಾನ ವೇಗದ ಫಿಲ್ಮಿಗೆ ಅಷ್ಟು ಬೇಕಾಗುವುದಿಲ್ಲ. ಸೆಕೆಯ ಅಟ್ಟದ ಮೇಲೆ ಬಿದ್ದಿದ್ದ 400 ವೇಗದ ಫಿಲ್ಮಿಗೆ ಅದು ಸಾಲದು. ಹೆಚ್ಚು ಎಕ್ಸ್‌ಪೋಷರ್ ಕೊಟ್ಟರೆ ನೆರಳಿನ ವಿವರ ಮುಸುಕಿನ ಮೇಲಕ್ಕೆ ಏಳುತ್ತದೆ ನಿಜ, ಆದರೆ ಮುಸುಕು ಹೋಗುವುದಿಲ್ಲ, ಕಿಟಕಿಗಳು ಮಾತ್ರ ಇನ್ನಷ್ಟು ಕಪ್ಪಾಗಿ ನೆಗೆಟಿವ್‌ನಲ್ಲಿ ಗಟ್ಟಿಯಾಗುತ್ತವೆ. ಬಯಲಿನಲ್ಲಿ, ಮೋಡದ ಬೆಳಕಿನಲ್ಲಿ ಕಟ್ಟಡದ ಹೊರಮೈ ತೆಗೆಯುವಾಗ ಇದು ದೊಡ್ಡ ತೊಂದರೆಯಲ್ಲ. ಒಳಗೆ, ಮೇಲೆ ಹೇಳಿದ ಮೂರನೆಯ ಅಳತೆಗೋಲಿನಲ್ಲಿ, ಹಳೆಯ ಫಿಲ್ಮ್ ಸೋಲುವುದು ಇದರಿಂದಲೇ.

ಆದ್ದರಿಂದ ಡಬ್ಬಿ ಕೈಗೆ ಬಂದ ಕೂಡಲೇ ಕ್ಯಾಮೆರಾ ಎತ್ತಬೇಡಿ, ಮೊದಲು ಒಂದು ಹಾಳೆಯನ್ನು ಪರೀಕ್ಷೆಗೆ ಕೊಡಿ. ಪೂರ್ಣ ಕತ್ತಲಲ್ಲಿ ಅದನ್ನು ಎರಡು ತುಂಡು ಮಾಡಿ, ಒಂದನ್ನು ನೇರವಾಗಿ ಫಿಕ್ಸರಿಗೆ (ಕಪ್ಪಾಗದ ಹರಳುಗಳನ್ನು ಕರಗಿಸಿ ತೆಗೆಯುವ ದ್ರಾವಣಕ್ಕೆ) ಹಾಕಿ, ಇನ್ನೊಂದನ್ನು ಡೆವಲಪ್ ಮಾಡಿ ಆಮೇಲೆ ಫಿಕ್ಸರಿಗೆ ಹಾಕಿ. ಒಣಗಿದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ಬೆಳಕಿಗೆ ಹಿಡಿದರೆ ಮೊದಲ ತುಂಡು ಬರಿಯ ತಳವನ್ನು, ಎರಡನೆಯದು ತಳದ ಮೇಲೆ ಕೂತ ಮುಸುಕನ್ನು ತೋರಿಸುತ್ತದೆ. ವ್ಯತ್ಯಾಸ ಅಲ್ಪವಾಗಿದ್ದರೆ ಡಬ್ಬಿ ಬಳಕೆಗೆ ಯೋಗ್ಯ. ಎರಡನೆಯ ತುಂಡಿನ ಮೂಲಕ ಪುಸ್ತಕದ ಅಕ್ಷರ ಓದುವುದೇ ಕಷ್ಟವಾಗಿದ್ದರೆ ಆ ಡಬ್ಬಿಯನ್ನು ಒಳಾಂಗಣಕ್ಕೆ ನಂಬಬೇಡಿ. ಮುಂದಿನ ಹಾಳೆಯನ್ನು ಹೋಲ್ಡರಿಗೆ ಹಾಕಿ, ಒಂದೇ ದೃಶ್ಯದ ಮುಂದೆ ಡಾರ್ಕ್ ಸ್ಲೈಡನ್ನು (ಹೋಲ್ಡರಿನಲ್ಲಿ ಹಾಳೆಯನ್ನು ಮುಚ್ಚುವ ಜಾರುಫಲಕವನ್ನು) ಕಾಲುಕಾಲು ಭಾಗವಾಗಿ ಒಳತಳ್ಳುತ್ತಾ ನಾಲ್ಕು ಪಟ್ಟಿಗಳಿಗೆ ದುಪ್ಪಟ್ಟಾಗುತ್ತ ಹೋಗುವ ಎಕ್ಸ್‌ಪೋಷರ್ ಕೊಟ್ಟರೆ ನಿಜವಾದ ವೇಗ ಗೊತ್ತಾಗುತ್ತದೆ. ಈ ಎರಡು ಹಾಳೆಗಳನ್ನು ಉಳಿಸಲು ಹೋಗಿ ಇಡೀ ಡಬ್ಬಿಯನ್ನು ಊಹೆಯ ಮೇಲೆ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ.

ಮುಸುಕನ್ನು ತಗ್ಗಿಸಲು ಕೆಲವು ದಾರಿಗಳಿವೆ. ಎಚ್‌ಸಿ-110 ಥರದ ಫಾಗ್ ಕಡಿಮೆ ಬರಿಸುವ ಡೆವಲಪರನ್ನು ಗಾಢವಾಗಿ ಬೆರೆಸಿ ಕಡಿಮೆ ಹೊತ್ತು ತೊಳೆಯುವುದು ಒಂದು. ಡೆವಲಪರಿಗೆ ಬೆಂಜೋಟ್ರಯಜೋಲ್ ಎಂಬ ಫಾಗ್ ತಡೆಯುವ ರಾಸಾಯನಿಕವನ್ನು ಚೂರು ಸೇರಿಸುವುದು ಇನ್ನೊಂದು, ಇದರಿಂದ ವೇಗ ಸ್ವಲ್ಪ ಇಳಿಯುತ್ತದೆ ಎಂಬುದು ನೆನಪಿರಲಿ. ಶೀಟ್ ಫಿಲ್ಮಿಗೆ ಹಿಂಬದಿಯ ಕಾಗದವಿಲ್ಲದ್ದರಿಂದ ಹಳೆಯ ರೋಲ್ ಫಿಲ್ಮುಗಳಲ್ಲಿ ಆಗುವಂತೆ ಅಂಕಿಗಳ ಅಚ್ಚು ಚಿತ್ರದ ಮೇಲೆ ಮೂಡುವ ಪೀಡೆಯೂ ಇಲ್ಲ.

ಯಾವ ಹಳೆಯ ಫಿಲ್ಮನ್ನು ಹುಡುಕಬೇಕು ಎಂದು ಕೇಳಿದರೆ, ವೇಗ ಕಡಿಮೆಯಿರುವುದನ್ನು, ಫ್ರಿಜ್ಜಿನಲ್ಲಿಟ್ಟಿದ್ದಾರೆಂದು ಮಾರುವವರು ಖಚಿತವಾಗಿ ಹೇಳಬಲ್ಲದ್ದನ್ನು. ಇದರಲ್ಲಿ ಫ್ಯೂಜಿ ಆಕ್ರಾಸ್ 100 ವಿಶೇಷವಾದದ್ದು: 120 ಸೆಕೆಂಡಿನವರೆಗೆ ಯಾವ ತಿದ್ದುಪಡಿಯೂ ಬೇಡ ಎಂದು ತಯಾರಕರೇ ಹೇಳಿದ್ದ ಆ ಫಿಲ್ಮ್ 2018ರಲ್ಲಿ ನಿಂತುಹೋಯಿತು, 2019ರಲ್ಲಿ ಮರಳಿ ಬಂದ ಆಕ್ರಾಸ್ 2 ರೋಲ್ ರೂಪದಲ್ಲಷ್ಟೇ ಬಂತು. ಚೆನ್ನಾಗಿ ಇಟ್ಟ ಆಕ್ರಾಸ್ ಹಾಳೆಗಳು ಸಿಕ್ಕರೆ, ಅವಧಿ ಮೀರಿದ ಫಿಲ್ಮ್ ಹೊಸದಕ್ಕೆ ಸರಿಸಾಟಿಯಾಗಿ ನಿಲ್ಲುವ ಅಪರೂಪದ ಸಂದರ್ಭ ಅದು. ತಣ್ಣಗಿಟ್ಟರೂ ಕಾಸ್ಮಿಕ್ ವಿಕಿರಣವನ್ನು ತಡೆಯಲಾಗದು, ಅದರ ಪೆಟ್ಟು ಹೆಚ್ಚು ವೇಗದ ಫಿಲ್ಮುಗಳಿಗೇ ಹೆಚ್ಚು. ಹಾಗಾಗಿ ಫ್ರೀಜರಿನಲ್ಲಿತ್ತು ಎಂಬ ಒಂದೇ ಭರವಸೆಯ ಮೇಲೆ ಹಳೆಯ 400 ವೇಗದ ಫಿಲ್ಮಿಗೆ ದುಬಾರಿ ಬೆಲೆ ಕೊಡಬೇಕಾಗಿಲ್ಲ.

ಎರಡು ಎಚ್ಚರಿಕೆಗಳಿವೆ. ಡಬ್ಬಿ ತೆರೆದಾಗ ವಿನಿಗರಿನ ಘಾಟು ಬಂದರೆ ಫಿಲ್ಮಿನ ಅಸಿಟೇಟ್ ಎಂಬ ಪ್ಲಾಸ್ಟಿಕ್ ತಳ ಕೊಳೆಯಲು ತೊಡಗಿದೆ ಎಂದರ್ಥ. ಅಂಥ ಹಾಳೆ ಕುಗ್ಗಿ ಸುರುಳಿಯಾಗುತ್ತದೆ, ಹೋಲ್ಡರಿನಲ್ಲಿ ಚಪ್ಪಟೆಯಾಗಿ ಕೂರುವುದಿಲ್ಲ, ಫೋಕಸ್ ನಿಲ್ಲುವುದಿಲ್ಲ. 1950ರ ದಶಕದ ಆರಂಭಕ್ಕೂ ಹಿಂದಿನ ಡಬ್ಬಿಯಲ್ಲಿ ನೈಟ್ರೇಟ್ ತಳದ ಫಿಲ್ಮ್ ಇರುವ ಸಾಧ್ಯತೆಯಿದೆ. ಅದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು, ಮನೆಯಲ್ಲಿ ಇಟ್ಟುಕೊಳ್ಳುವಂಥದ್ದೂ ಅಲ್ಲ.

ಬಣ್ಣ: ಹಳೆಯದು ಮತ್ತು ಹೊಸದು

ಅವಧಿ ಮೀರಿದ ಬಣ್ಣದ ಫಿಲ್ಮಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಅದರ ಮೂರು ಪದರಗಳಿಗೂ ಒಂದೇ ಸಮನಾಗಿ ವಯಸ್ಸಾಗುವುದಿಲ್ಲ. ನೆರಳು ಒಂದು ಬಣ್ಣಕ್ಕೂ ಬೆಳಕಿನ ಭಾಗ ಇನ್ನೊಂದು ಬಣ್ಣಕ್ಕೂ ವಾಲುತ್ತವೆ, ಒಂದನ್ನು ತಿದ್ದಿದರೆ ಇನ್ನೊಂದು ಕೆಡುತ್ತದೆ. ನೆಗೆಟಿವ್ ಆಗದೆ ನೇರವಾಗಿ ನಿಜಬಣ್ಣದ ಚಿತ್ರ ಕೊಡುವ ಸ್ಲೈಡ್ ಫಿಲ್ಮಿನಲ್ಲಿ ಇದು ಇನ್ನೂ ಕಠಿಣ. ಆ ವಿಕೃತ ಬಣ್ಣವೇ ಬೇಕೆನ್ನುವವರು ಬಳಸಲಿ, ಆದರೆ ಕಟ್ಟಡದ ದಾಖಲೆಗೆ ಅದು ಸಾಕ್ಷಿಯಾಗದು. ತೀರಾ ಕೆಟ್ಟ ಬಣ್ಣದ ನೆಗೆಟಿವ್ ಫಿಲ್ಮನ್ನು ಕಪ್ಪು-ಬಿಳುಪು ಡೆವಲಪರಿನಲ್ಲಿ ತೊಳೆದು ಏನಾದರೂ ಉಳಿಸಿಕೊಳ್ಳಬಹುದು.

ಹೊಸ ಬಣ್ಣದ ನೆಗೆಟಿವ್ ಇದಕ್ಕೆ ತದ್ವಿರುದ್ಧ. ಕೊಡಾಕ್ ಪೋರ್ಟ್ರಾ 160 ಮತ್ತು 400 ಎರಡೂ ಶೀಟ್ ರೂಪದಲ್ಲಿವೆ, ಕಿಟಕಿ ಮತ್ತು ಮೂಲೆ ಎರಡನ್ನೂ ಒಂದೇ ಹಾಳೆಯಲ್ಲಿ ಹಿಡಿಯುವುದರಲ್ಲಿ ಇವುಗಳಿಗೆ ಸಾಟಿಯಾದದ್ದು ಕಡಿಮೆ. ಒಂದೆರಡು ಸ್ಟಾಪ್ ಹೆಚ್ಚು ಬೆಳಕು ಬಿದ್ದರೂ ಸಹಿಸಿಕೊಳ್ಳುವುದರಿಂದ ನೆರಳಿಗೆ ಮೀಟರ್ ಹಿಡಿದು ಧೈರ್ಯವಾಗಿ ಸಮಯ ಕೊಡಬಹುದು. ಎಕ್ಟಾರ್ 100ರಲ್ಲಿ ಬಣ್ಣ ಹೆಚ್ಚು ಗಾಢ, ಸಹನೆ ಕಡಿಮೆ. ಎಕ್ಟಾಕ್ರೋಮ್ ಇ100 ಸ್ಲೈಡ್ ಫಿಲ್ಮನ್ನು ಒಳಾಂಗಣಕ್ಕೆ ಒಯ್ಯುವುದಾದರೆ ಮೋಡ ಮುಸುಕಿದ ದಿನವನ್ನೇ ಕಾಯಬೇಕು, ಇಲ್ಲವಾದರೆ ಕಿಟಕಿಯೋ ಮೂಲೆಯೋ ಯಾವುದಾದರೂ ಒಂದನ್ನು ಬಿಟ್ಟುಕೊಡಬೇಕಾಗುತ್ತದೆ. ಬಣ್ಣದ ದಾರಿಯಲ್ಲಿ ಅಡ್ಡಿ ಎರಡೇ: ಹಾಳೆಯೊಂದರ ಬೆಲೆ ಕಪ್ಪು-ಬಿಳುಪಿಗಿಂತ ಬಹಳ ಹೆಚ್ಚು, ಮತ್ತು ಬಣ್ಣದ ನೆಗೆಟಿವ್ ತೊಳೆಯುವ ಸಿ-41 ಸಂಸ್ಕರಣೆಯಲ್ಲಿ ಉಷ್ಣಾಂಶವನ್ನು ಬಿಗಿಯಾಗಿ ಹಿಡಿಯಬೇಕಾದ್ದರಿಂದ ಬಹುಪಾಲು ಜನ ಲ್ಯಾಬನ್ನೇ ಅವಲಂಬಿಸಬೇಕು, ಶೀಟ್ ಫಿಲ್ಮ್ ತೆಗೆದುಕೊಳ್ಳುವ ಲ್ಯಾಬುಗಳು ಕಡಿಮೆ.

ಎಕ್ಸ್‌-ರೇ ಫಿಲ್ಮ್

ದುಡ್ಡು ಕಡಿಮೆ, ಸಮಯ ಹೆಚ್ಚು ಇರುವವರ ಫಿಲ್ಮ್ ಇದು. 8×10 ಇಂಚಿನಲ್ಲಿ ಸಿಗುತ್ತದೆ, ಸಾಮಾನ್ಯ ಫಿಲ್ಮಿನ ಬೆಲೆಯ ಸಣ್ಣದೊಂದು ಭಾಗಕ್ಕೆ ಸಿಗುತ್ತದೆ, ಕೆಂಪು ಬೆಳಕನ್ನು ಗ್ರಹಿಸದ ಕಾರಣ ಕೆಂಪು ದೀಪದ ಕೆಳಗೆ ಚಿತ್ರ ಮೂಡುವುದನ್ನು ಕಣ್ಣಾರೆ ನೋಡುತ್ತಾ ತೊಳೆಯಬಹುದು. ಕೆಂಪಿಗೆ ಕುರುಡಾಗಿರುವುದರಿಂದ ಇಟ್ಟಿಗೆ ಮತ್ತು ತುಕ್ಕು ಹಿಡಿದ ಕಬ್ಬಿಣ ಕಪ್ಪಗೆ, ಆಕಾಶ ಬರಿಯ ಬಿಳುಪಾಗಿ ಬರುತ್ತವೆ. ಪಾಳು ಕಾರ್ಖಾನೆಗೆ ಈ ನೋಟ ಒಪ್ಪುತ್ತದೆ ಎಂದು ಕೆಲವರಿಗೆ ಅನಿಸಿದರೆ ಅದು ತಪ್ಪಲ್ಲ. ಆದರೆ ಕಾಂಟ್ರಾಸ್ಟ್ ಏರಿ ಹೋಗುವುದು ಇದರ ಸ್ವಭಾವ, ಡೆವಲಪರನ್ನು ಬಹಳ ತೆಳುಮಾಡಿ ಪಳಗಿಸಬೇಕು. ಬೆಳಕು ಹಿಂದಿರುಗಿ ಹರಡದಂತೆ ತಡೆಯುವ ಪದರ ಸಾಮಾನ್ಯವಾಗಿ ಇದರಲ್ಲಿ ಇರುವುದಿಲ್ಲ, ಆದ್ದರಿಂದ ಕಿಟಕಿಗಳ ಸುತ್ತ ಪ್ರಭೆ ಕಟ್ಟುತ್ತದೆ. ಬಹುತೇಕ ಎಕ್ಸ್‌-ರೇ ಫಿಲ್ಮುಗಳಿಗೆ ಎರಡೂ ಬದಿಯಲ್ಲಿ ಎಮಲ್ಷನ್ (ಬೆಳಕನ್ನು ಗ್ರಹಿಸುವ ಪದರ) ಇರುವುದರಿಂದ ತಟ್ಟೆಯ ತಳಕ್ಕೆ ತಾಗಿದರೂ ಗೀರು ಬೀಳುತ್ತದೆ. ತಟ್ಟೆಯಲ್ಲಿ ನುಣುಪಾದ ಗಾಜಿನ ಹಾಳೆ ಹಾಕಿಕೊಂಡು, ಒಂದೊಂದನ್ನೇ ತೊಳೆಯುವುದು ಕ್ಷೇಮ. 4×5 ಬೇಕಿದ್ದರೆ ಕತ್ತರಿಸಿಕೊಳ್ಳುವ ಕೆಲಸವೂ ನಿಮ್ಮದೇ.

ಗಾತ್ರ ಮತ್ತು ಕ್ಯಾಮೆರಾ

8×10ರ ಹಾಳೆಗೆ 4×5ಕ್ಕಿಂತ ನಾಲ್ಕು ಪಟ್ಟು ವಿಸ್ತೀರ್ಣ. ಅದರ ಕಾಂಟ್ಯಾಕ್ಟ್ ಪ್ರಿಂಟನ್ನು (ನೆಗೆಟಿವ್ ಅನ್ನು ಕಾಗದದ ಮೇಲೇ ಇಟ್ಟು ಅದೇ ಗಾತ್ರದಲ್ಲಿ ಮಾಡಿದ ಪ್ರಿಂಟನ್ನು) ಒಮ್ಮೆ ಕೈಯಲ್ಲಿ ಹಿಡಿದವರಿಗೆ ಬೇರೆ ಸಮರ್ಥನೆ ಬೇಕಿಲ್ಲ. ಆದರೆ 4×5ರಲ್ಲಿ 150 ಮಿಲಿಮೀಟರ್ ಲೆನ್ಸಿನಿಂದ ಎಫ್ 22ರಲ್ಲಿ ಸಿಗುವ ಫೋಕಸಿನ ಆಳವೇ 8×10ರಲ್ಲಿ 300 ಮಿಲಿಮೀಟರಿನಿಂದ ಬೇಕಾದರೆ ಎಫ್ 45ಕ್ಕೆ ಇಳಿಯಬೇಕು. ಮೀಟರಿನ 10 ಸೆಕೆಂಡು 40 ಆಗುತ್ತದೆ. ಎಫ್‌ಪಿ4 ಪ್ಲಸ್‌ನಲ್ಲಿ ತಿದ್ದಿದ ಮೇಲೆ 18 ಸೆಕೆಂಡಿನ ಜಾಗದಲ್ಲಿ 104 ಸೆಕೆಂಡು. ಮೆಟ್ಟಿಲು ಮುರಿದ, ನೆಲ ನಂಬಲಾಗದ ಕಟ್ಟಡದಲ್ಲಿ ಆ ಭಾರವನ್ನು ಹೊತ್ತು ತಿರುಗುವುದು ಬೇರೆ. ಮೊದಲ ಕ್ಯಾಮೆರಾ 4×5 ಆಗಿರಲಿ.

ಕ್ಯಾಮೆರಾದಲ್ಲಿ ನೋಡಬೇಕಾದದ್ದು ಮುಂಭಾಗವನ್ನು ಮೇಲೆತ್ತುವ ಅವಕಾಶ ಮತ್ತು ಅಗಲ ನೋಟದ ಲೆನ್ಸಿಗೆ ಬೇಕಾದ ಸಡಿಲ ಬೆಲ್ಲೋಸ್, ಅಂದರೆ ಲೆನ್ಸಿನಿಂದ ಫಿಲ್ಮಿನವರೆಗಿನ ಮಡಿಕೆಯ ಚೀಲ. ಇಕ್ಕಟ್ಟಿನ ಕೋಣೆಗಳಿಗೆ 90 ಮಿಲಿಮೀಟರ್ ಲೆನ್ಸ್ ಬೇಕೇಬೇಕು, ಗೋಡೆಗಳ ಗೆರೆ ನೆಟ್ಟಗೆ ನಿಲ್ಲಬೇಕಾದರೆ ಕ್ಯಾಮೆರಾವನ್ನು ಓರೆಮಾಡದೆ ಲೆನ್ಸನ್ನಷ್ಟೇ ಎತ್ತಬೇಕು. ಒಂದೇ ಕಂಬಿಯ ಮೇಲೆ ಕೂರುವ, ಬಳಸಿದ ಮೋನೋರೈಲ್ ಕ್ಯಾಮೆರಾಗಳು ಇದನ್ನೆಲ್ಲ ಧಾರಾಳವಾಗಿ ಕೊಡುತ್ತವೆ, ಬೆಲೆಯೂ ಕಡಿಮೆ, ಹೊರುವುದೇ ಕಷ್ಟ. ಮರದ ಫೀಲ್ಡ್ ಕ್ಯಾಮೆರಾ ಹಗುರ, ಚಲನೆ ಸಾಕಷ್ಟು. 1973ರವರೆಗೆ ತಯಾರಾದ ಸ್ಪೀಡ್ ಗ್ರಾಫಿಕ್, ಕ್ರೌನ್ ಗ್ರಾಫಿಕ್‌ನಂಥ ಪ್ರೆಸ್ ಕ್ಯಾಮೆರಾಗಳು ಗಟ್ಟಿಮುಟ್ಟು, ಮಡಚಿದರೆ ಪೆಟ್ಟಿಗೆ. ಮೇಲೆತ್ತುವ ಅವಕಾಶ ಮಾತ್ರ ಸ್ವಲ್ಪವೇ. ಎಫ್ 8ರ ಅಗಲದ ಲೆನ್ಸಿನಲ್ಲಿ ಗ್ರೌಂಡ್ ಗ್ಲಾಸ್ (ಫೋಕಸ್ ನೋಡುವ ಹಿಂಬದಿಯ ಮಬ್ಬು ಗಾಜು) ಎಷ್ಟು ಕಪ್ಪಗಿರುತ್ತದೆಂದರೆ, ಹತ್ತಿರದ ಮತ್ತು ದೂರದ ಬಿಂದುಗಳಲ್ಲಿ ಚಿಕ್ಕ ಟಾರ್ಚನ್ನು ನಿಲ್ಲಿಸಿ ಅದರ ಬಲ್ಬಿಗೆ ಫೋಕಸ್ ಮಾಡುವುದೊಂದೇ ಉಪಾಯ.

ಹಾಗಾದರೆ ಯಾರು ಯಾವುದನ್ನು ಒಯ್ಯಬೇಕು

ಒಂದೇ ಭೇಟಿ, ಮರಳಿ ಬರಲಾಗದ ಜಾಗ, ಬಣ್ಣ ಮುಖ್ಯವಲ್ಲ ಎಂದಾದರೆ ಎಚ್‌ಪಿ5 ಪ್ಲಸ್ ಒಯ್ಯಿರಿ, ಪ್ರತಿ ದೃಶ್ಯಕ್ಕೂ ಎರಡು ಹಾಳೆ ಖರ್ಚು ಮಾಡಿ. ಮೊದಲನೆಯದನ್ನು ತೊಳೆದು ನೋಡಿ ಎರಡನೆಯದರ ಅವಧಿ ನಿರ್ಧರಿಸಬಹುದು. ಅದೇ ಜಾಗದ ಬಣ್ಣವೇ ವಿಷಯವಾಗಿದ್ದರೆ ದೃಶ್ಯಗಳನ್ನು ಕಡಿಮೆ ಮಾಡಿಕೊಂಡು ಪೋರ್ಟ್ರಾಗೆ ಹಣ ಹಾಕುವುದೇ ಸರಿ. ಹತ್ತಿರದಲ್ಲೇ ಇದ್ದು ವರ್ಷವಿಡೀ ಹೋಗಬಹುದಾದ, ಚಾವಣಿ ಕುಸಿದು ಬೆಳಕು ಧಾರಾಳವಾಗಿ ಬೀಳುವ ಕಟ್ಟಡವಿದ್ದರೆ ಪರೀಕ್ಷೆ ಮುಗಿಸಿದ ಹಳೆಯ ಡಬ್ಬಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಲಾರ್ಜ್ ಫಾರ್ಮ್ಯಾಟಿನ ಕೈಕೆಲಸವನ್ನು, ಅಂದರೆ ಹೋಲ್ಡರ್ ತುಂಬುವುದು, ಲೆನ್ಸ್ ಎತ್ತುವುದು, ಸಮಯ ಎಣಿಸುವುದು ಇವನ್ನು ಇನ್ನೂ ಕಲಿಯುತ್ತಿರುವವರು ಎಕ್ಸ್‌-ರೇ ಫಿಲ್ಮಿನಿಂದ ಶುರುಮಾಡಬಹುದು, ಅಲ್ಲಿ ಹಾಳೆ ಕೆಟ್ಟರೂ ಕೈ ಸುಡುವುದಿಲ್ಲ. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಒಯ್ಯುವವರು ಹೋಲ್ಡರಿನ ಒಂದು ಬದಿಗೆ ಹಳೆಯದು, ಇನ್ನೊಂದು ಬದಿಗೆ ಹೊಸದು ಎಂದು ತುಂಬಬಾರದು. ಇಡೀ ಹೋಲ್ಡರನ್ನೇ ಒಂದೊಂದಕ್ಕೆ ಮೀಸಲಿಟ್ಟು, ಫಿಲ್ಮಿನ ಹೆಸರು ಮತ್ತು ಪರೀಕ್ಷೆಯಲ್ಲಿ ಕಂಡ ವೇಗವನ್ನು ಪಟ್ಟಿಯ ಮೇಲೆ ಬರೆದು ಅಂಟಿಸಿ, ಮೊದಲು ಹೊಸ ಫಿಲ್ಮಿನಲ್ಲಿ ತೆಗೆದು ಆಮೇಲೆ ಹಳೆಯದಕ್ಕೆ ಕೈಹಾಕಲಿ.